ಒಕ್ಕೂಟಕ್ಕೆ ಸೇರಿದರೆ ನಮ್ಮಂಥ ಸಣ್ಣ ಸಂಸ್ಥೆಗೆ ಏನು ಸಿಗುತ್ತೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ. ಸೊಸೈಟಿ ಅಂತ ನೋಂದಣಿ ಆಗಿದೆ. ಮಕ್ಕಳಿಗೆ ಸಂಜೆ ಪಾಠ, ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ, ಗುಳೆ ಹೋಗುವ ಕುಟುಂಬಗಳ ಜೊತೆ ಕೆಲಸ. ಸಂಬಳ ತೆಗೆದುಕೊಳ್ಳುವವರು ನಾಲ್ಕೇ ಜನ. ಈಗ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟಕ್ಕೆ ಸೇರಿ ಅಂತ ಕರೆದಿದ್ದಾರೆ. ವರ್ಷಕ್ಕೆ 2,000 ರೂಪಾಯಿ ಚಂದಾ. ನಮ್ಮ ಕಮಿಟಿಯಲ್ಲಿ ಎರಡು ಮಾತು ಎದ್ದಿದೆ. ಸೇರಿದರೆ ಅನುದಾನ ಬರುತ್ತೆ ಅಂತ ಕೆಲವರು. ದೊಡ್ಡ ಸಂಸ್ಥೆಗಳು ನಮ್ಮನ್ನು ನುಂಗಿಬಿಡುತ್ತವೆ, ನಮ್ಮ ಕೆಲಸ ತೋರಿಸಿ ಅವರು ದುಡ್ಡು ತರುತ್ತಾರೆ ಅಂತ ಇನ್ನು ಕೆಲವರು. ಒಕ್ಕೂಟದಿಂದ ನಿಜವಾಗಿ ಏನು ಉಪಯೋಗ? ಅದು ಸರಿಯಿಲ್ಲ ಅನ್ನಿಸಿದರೆ ನಾವೇ ಏಳೆಂಟು ಸಂಸ್ಥೆ ಸೇರಿ ಬೇರೆ ಕಟ್ಟಬಹುದಾ?

ಉತ್ತರ: ನಿಮ್ಮ ಕಮಿಟಿಯ ಎರಡೂ ಕಡೆಯವರ ಮಾತನ್ನು ತೆಗೆದುಕೊಳ್ಳುತ್ತೇನೆ. ಆದರೆ ಮೊದಲು ಅನುದಾನದ ವಿಷಯ ಮುಗಿಸಿಬಿಡೋಣ. ಒಕ್ಕೂಟಗಳ ಬಗ್ಗೆ ಇರುವ ತಪ್ಪು ನಿರೀಕ್ಷೆ, ಆಮೇಲೆ ಹುಟ್ಟುವ ಜಗಳ, ಎರಡಕ್ಕೂ ಮೂಲ ಅಲ್ಲೇ ಇದೆ.

ಹಿಂದೆ ಒಕ್ಕೂಟವೋ ದೊಡ್ಡ ಸಂಸ್ಥೆಯೋ ಹೊರದೇಶದ ದೇಣಿಗೆ ತಂದು ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಹಂಚುವ ಪದ್ಧತಿ ಇತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ, ಅಂದರೆ ನಾವೆಲ್ಲ ಎಫ್‌ಸಿಆರ್‌ಎ ಅನ್ನುವುದಕ್ಕೆ, ತಿದ್ದುಪಡಿ ಬಂತು. ಆವತ್ತಿನಿಂದ ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಆ ಇನ್ನೊಂದು ಸಂಸ್ಥೆಗೂ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಅಷ್ಟೇ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ನೀವೇ ನೋಂದಣಿ ಮಾಡಿಸೋಣ ಅಂದರೆ ಮೂರು ವರ್ಷ ಹಳೆಯ ಸಂಸ್ಥೆ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿಯಾದರೂ ಕೆಲಸಕ್ಕೆ ಖರ್ಚಾಗಿರಬೇಕು. ನಾಲ್ಕು ಜನರ ಸಂಸ್ಥೆಗೆ ಅದು ಸುಲಭವಲ್ಲ.

ದೇಶದೊಳಗಿನ ದುಡ್ಡಿಗೂ ಒಂದು ತೊಡಕು ಇದೆ. 2023ರ ಹಣಕಾಸು ಕಾಯ್ದೆ ಬಂದ ಮೇಲೆ ಒಂದು ಧರ್ಮಾರ್ಥ ಸಂಸ್ಥೆ ಇನ್ನೊಂದಕ್ಕೆ 100 ರೂಪಾಯಿ ಕೊಟ್ಟರೆ, ಕೊಟ್ಟವರ ತೆರಿಗೆ ಲೆಕ್ಕದಲ್ಲಿ 85 ರೂಪಾಯಿಯನ್ನಷ್ಟೇ ಖರ್ಚು ಅಂತ ಒಪ್ಪುತ್ತಾರೆ. ಹಾಗಾಗಿ ಮೇಲಿಂದ ದುಡ್ಡು ತಂದು ಕೆಳಗೆ ಹಂಚುವ ಒಕ್ಕೂಟದ ಕಾಲ ಹೆಚ್ಚುಕಮ್ಮಿ ಮುಗಿದಿದೆ. 'ಸೇರಿದರೆ ಅನುದಾನ ಬರುತ್ತೆ' ಅಂತ ಯಾರಾದರೂ ಆಸೆ ತೋರಿಸಿ ಚಂದಾ ಕೇಳುತ್ತಿದ್ದರೆ ಸ್ವಲ್ಪ ನಿಧಾನಿಸಿ.

ಹಾಗಾದರೆ 2,000 ರೂಪಾಯಿ ಯಾಕೆ ಕೊಡಬೇಕು? ನಿಮ್ಮೊಬ್ಬರಿಂದ ಆಗದ ಕೆಲಸ, ಇಲ್ಲವೇ ಒಬ್ಬರೇ ಮಾಡಿದರೆ ತೀರಾ ದುಬಾರಿ ಬೀಳುವ ಕೆಲಸ ಸುಮಾರು ಇರುತ್ತದೆ. ಅದನ್ನು ಸೇರಿ ಮಾಡಿಕೊಳ್ಳುವುದಕ್ಕೆ. ನನ್ನ ಪ್ರಕಾರ ಒಳ್ಳೆಯ ಒಕ್ಕೂಟ ಅಂದರೆ ಆ ಕೆಲಸಗಳನ್ನು ಮಾಡಬೇಕು, ಸದಸ್ಯರ ಜೊತೆ ದುಡ್ಡಿಗಾಗಿ ಪೈಪೋಟಿಗೆ ಇಳಿಯಬಾರದು. ಉಳಿದದ್ದೆಲ್ಲ ಆಮೇಲೆ.

ಮೊದಲನೆಯದು ಕಾಗದಪತ್ರ. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ನಮ್ಮ ಕಡೆ ಸಣ್ಣ ಸಂಸ್ಥೆಗಳು ಸೊರಗುವುದು ಜಾಸ್ತಿ ಇಲ್ಲೇ. ಊರಲ್ಲಿ ಕೆಲಸ ಚೆನ್ನಾಗೇ ನಡೆದಿರುತ್ತದೆ, ಫೈಲು ಮಾತ್ರ ಎರಡು ವರ್ಷ ಹಿಂದೆ ಬಿದ್ದಿರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಸರ್ವಸದಸ್ಯರ ಸಭೆ ಆಗಬೇಕು. ಆಡಿಟ್ ಆದ ಲೆಕ್ಕ ಮತ್ತು ಕಾರ್ಯಕಾರಿ ಸಮಿತಿಯ ಪಟ್ಟಿ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಒಂದು ವರ್ಷ ತಪ್ಪಿದರೆ ಯಾರೂ ಬಂದು ಕೇಳುವುದಿಲ್ಲ. ಆಮೇಲೆ ಒಂದು ದಿನ ಕಾರ್ಯದರ್ಶಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ, ಬ್ಯಾಂಕ್ ಖಾತೆಗೆ ಸಹಿ ಬದಲಿಸಬೇಕಾಗುತ್ತದೆ. ಬ್ಯಾಂಕಿನವರು ಹೊಸ ಸಮಿತಿಯ ದೃಢೀಕೃತ ಪಟ್ಟಿ ತನ್ನಿ ಅನ್ನುತ್ತಾರೆ. ಕಚೇರಿಗೆ ಹೋದರೆ ಬಾಕಿ ವರ್ಷದ್ದೆಲ್ಲ ಕೊಡಿ ಅನ್ನುತ್ತಾರೆ. ಅಷ್ಟರಲ್ಲಿ ಸಂಬಳ ನಿಂತಿರುತ್ತದೆ.

ಆದಾಯ ತೆರಿಗೆಯ ಕಡೆ ಇನ್ನೂ ಬಿಗಿ. ಮೊದಲು 12ಎ ನೋಂದಣಿ, ಅಂದರೆ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ, ಒಮ್ಮೆ ಆದರೆ ಆಯಿತು, ಮುಗಿಯಿತು. 2021ರ ಏಪ್ರಿಲ್‌ನಿಂದ ಎಲ್ಲರೂ ಹೊಸದಾಗಿ ನೋಂದಣಿ ಮಾಡಿಸಬೇಕಾಯಿತು, ಅದಕ್ಕೂ 5 ವರ್ಷದ ಅವಧಿ. ಆಗ ಮಾಡಿಸಿದ ಹಳೆಯ ಸಂಸ್ಥೆಗಳ ಅವಧಿ 2026ರ ಮಾರ್ಚ್ 31ರವರೆಗೆ, ಮುಂದುವರಿಸಲು ಅರ್ಜಿ ಹಾಕುವ ಗಡುವು ಅದಕ್ಕೆ 6 ತಿಂಗಳು ಮೊದಲೇ, 2025ರ ಸೆಪ್ಟೆಂಬರ್ 30 ಆಗಿತ್ತು. ಇದನ್ನು ಕೊನೆಯ ವಾರದಲ್ಲಿ ತಿಳಿದುಕೊಂಡ ಸಂಸ್ಥೆಗಳೂ ಇವೆ. ಗಡುವು ತಪ್ಪಿದರೆ ಸಂಸ್ಥೆಯ ನಿವ್ವಳ ಆಸ್ತಿಯ ಮೇಲೇ ಗರಿಷ್ಠ ದರದಲ್ಲಿ ತೆರಿಗೆ ಬೀಳುವ ಅಪಾಯ ಇದೆ. ಸರಿಯಾದ ಕಾರಣ ಕೊಟ್ಟರೆ ತಡವನ್ನು ಕಮಿಷನರ್ ಮನ್ನಿಸಬಹುದು, ಆದರೆ ಅದು ಅವರ ಕೈಯಲ್ಲಿರುವ ಮಾತು. ಒಂದು ಒಳ್ಳೆಯ ಸುದ್ದಿ ಅಂದರೆ 2025ರ ಹಣಕಾಸು ಕಾಯ್ದೆ ಸಣ್ಣ ಸಂಸ್ಥೆಗಳಿಗೆ, ಅಂದರೆ ಹಿಂದಿನ ಎರಡೂ ವರ್ಷ ಆದಾಯ 5 ಕೋಟಿ ದಾಟದವರಿಗೆ, ಅವಧಿಯನ್ನು 10 ವರ್ಷ ಮಾಡಿದೆ. ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಇದ್ದರೆ ದೇಣಿಗೆದಾರರ ಪಟ್ಟಿ ಮೇ 31ರೊಳಗೆ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ಇದರ ಮೇಲೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಕಲಂ ನಂಬರು, ಫಾರಂ ನಂಬರು ಎಲ್ಲ ಬದಲು.

ನಾಲ್ಕು ಜನರ ಸಂಸ್ಥೆಯಲ್ಲಿ ಇದನ್ನೆಲ್ಲ ನೋಡುವವರು ಯಾರು? ಮಧ್ಯಾಹ್ನ ಹೊಲಿಗೆ ಕ್ಲಾಸು, ಸಂಜೆ ಮಕ್ಕಳ ಪಾಠ ನೋಡುವವರೇ ನೋಡಬೇಕು. ಆಡಿಟರ್ ರಾಯಚೂರಿನಲ್ಲಿ ಇರುತ್ತಾರೆ. ಅವರ ಪಾಲಿಗೆ ನೀವು ವರ್ಷಕ್ಕೊಮ್ಮೆ ಚೀಲ ಹಿಡಿದು ಬರುವ ಸಣ್ಣ ಗಿರಾಕಿ. ಒಕ್ಕೂಟ ಇಲ್ಲಿ ಮೂರು ಕೆಲಸ ಮಾಡಬಹುದು. ಎಲ್ಲ ಸದಸ್ಯರ ಗಡುವುಗಳನ್ನು ಒಂದೇ ಕಡೆ ಬರೆದಿಟ್ಟು ಎರಡು ತಿಂಗಳು ಮೊದಲೇ ಫೋನ್ ಮಾಡಬಹುದು. ಮೂವತ್ತು ಸಂಸ್ಥೆಗಳ ಪರವಾಗಿ ಆಡಿಟರ್ ಜೊತೆ ಒಂದೇ ದರ ಮಾತಾಡಬಹುದು. ಮತ್ತು ಒಬ್ಬ ಅಕೌಂಟೆಂಟ್ ಇಟ್ಟು, ಮೂರು ತಿಂಗಳಿಗೊಮ್ಮೆ ಆತ ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು ಅಂತ ತಾಲ್ಲೂಕಿಗೆ ಎರಡು ದಿನ ಕೂರುವ ಹಾಗೆ ಮಾಡಬಹುದು. ನನ್ನ ಕಣ್ಣಲ್ಲಿ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು.

ಅಂಥ ಲೆಕ್ಕದ ಶಿಬಿರದಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಒಬ್ಬರು ವೋಚರ್ ಫೈಲು ಬಿಚ್ಚುತ್ತಾರೆ. ಹೊಲಿಗೆ ಯಂತ್ರ ಕೊಂಡದ್ದು, 18,500 ರೂಪಾಯಿ, ನಗದು. ಬಿಲ್ ಇದೆ, ಸಹಿ ಇದೆ, ಯಂತ್ರವೂ ಕ್ಲಾಸಿನಲ್ಲಿ ಓಡುತ್ತಿದೆ. ಆದರೂ ತಪ್ಪು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಅದು ಖರ್ಚೇ ಅಲ್ಲ. ಜೂನ್‌ನಲ್ಲಿ ಇದು ಸಿಕ್ಕಿದರೆ ಮುಂದಿನ ಯಂತ್ರಕ್ಕೆ ಚೆಕ್ ಹೋಗುತ್ತದೆ. ವರ್ಷ ಮುಗಿದ ಮೇಲೆ ಆಡಿಟರ್ ಮೇಜಿನ ಮೇಲೆ ಸಿಕ್ಕಿದರೆ ಅಷ್ಟರಲ್ಲಿ ಇನ್ನೂ ಮೂರು ಯಂತ್ರ ಹಾಗೇ ಬಂದಿರುತ್ತವೆ. ಮುಂದಿನ ಹಾಳೆ, ಮಕ್ಕಳ ತಿಂಡಿ. ಚೀಟಿಯಲ್ಲಿ 'ಮಂಡಕ್ಕಿ, ಬಾಳೆಹಣ್ಣು, 640' ಅಂತ ಪೆನ್ಸಿಲಿನಲ್ಲಿ ಬರೆದದ್ದು. ತಾರೀಖಿಲ್ಲ.

"ಸರ್, ಆ ಅಂಗಡ್ಯಾಗ ಬಿಲ್ ಬುಕ್ಕೇ ಇಲ್ರಿ."

"ಇಲ್ಲಂದ್ರ ನಡೀತದ್ರಿ. ವೋಚರ್ ನೀವ ಬರೀರಿ. ತಾರೀಖು, ಯಾವ ಊರು, ಎಷ್ಟು ಮಕ್ಕಳು ಹಾಕ್ರಿ. ಅಂಗಡಿಯವ್ರ ಸಹಿ ತಗೋರಿ. ಹಾಜರಿ ಪುಸ್ತಕದಾಗ ಆ ದಿನ ಎಷ್ಟು ಮಕ್ಕಳು ಅದಾರ ನೋಡ್ರಿ, ಎರಡೂ ಹೊಂದಬೇಕು."

ಹಾಜರಿ ಪುಸ್ತಕ ತೆಗೆದರೆ ಆ ದಿನ 32 ಮಕ್ಕಳು. ಬಾಳೆಹಣ್ಣು 40. ಉಳಿದ ಎಂಟು ಯಾರಿಗೆ ಹೋಯಿತು? ಜೊತೆಗೆ ಬಂದ ಪುಟ್ಟ ತಮ್ಮ ತಂಗಿಯರಿಗೆ. ಅದನ್ನೂ ವೋಚರಿನ ಬೆನ್ನ ಮೇಲೆ ಬರೆದಿಡಿ ಅಂತ ಹೇಳಿಕೊಡುತ್ತಾರೆ. ಇಷ್ಟೇ ಕೆಲಸ. ಹೀಗೆ ನಾಲ್ಕು ಸಲ ಕೂತರೆ ಆ ಸಂಸ್ಥೆಯ ಲೆಕ್ಕವನ್ನು ಯಾರ ಮುಂದೆ ಬೇಕಾದರೂ ಇಡಬಹುದು. ಪಕ್ಕದಲ್ಲಿ ಕೂತ ಇನ್ನೊಂದು ಸಂಸ್ಥೆಯವರು ಸುಮ್ನೆ ಕೇಳಿಸಿಕೊಂಡೇ ತಮ್ಮ ಫೈಲು ತಿದ್ದಿಕೊಳ್ಳುತ್ತಾರೆ. ಊರಿನ ದಾನಿಯೊಬ್ಬರು 5,000 ರೂಪಾಯಿ ನಗದು ಕೊಟ್ಟು 80ಜಿ ರಸೀದಿ ಕೇಳಿದರೆ ಏನು ಮಾಡಬೇಕು, ಇಂಥ ಪ್ರಶ್ನೆಯೂ ಅಲ್ಲೇ ಬರುತ್ತದೆ. 2,000 ದಾಟಿದ ನಗದು ದೇಣಿಗೆಗೆ ಅವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿದರೆ ಅವರಿಗೂ ಬೇಜಾರಿಲ್ಲ.

ಕಾಗದಪತ್ರದ ಪಟ್ಟಿಗೆ ಇನ್ನೊಂದು ಸೇರಿಸಬೇಕು, ಇದನ್ನು ಬಹಳ ಸಂಸ್ಥೆಗಳು ಮರೆಯುತ್ತವೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು. ನಿಮ್ಮ ಹಾಗೆ ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 'ನಮ್ಮದು ಸಣ್ಣದು, ನಮಗೆ ಅನ್ವಯ ಆಗಲ್ಲ' ಅನ್ನುವುದು ಸರಿಯಲ್ಲ. ಒಕ್ಕೂಟ ತರಬೇತಿ ಪಡೆದ ನಾಲ್ಕೈದು ಹೆಣ್ಣುಮಕ್ಕಳನ್ನು ಸಿದ್ಧ ಮಾಡಿಟ್ಟರೆ ದೊಡ್ಡ ಸಂಸ್ಥೆಗಳಿಗೆ ಹೊರ ಸದಸ್ಯರು ಸಿಗುತ್ತಾರೆ, ಸಣ್ಣ ಸಂಸ್ಥೆಯ ಕಾರ್ಯಕರ್ತೆಗೆ ತನ್ನ ಸಂಸ್ಥೆಯ ಹೊರಗೆ ಮಾತಾಡಲು ಒಬ್ಬರು ಸಿಗುತ್ತಾರೆ. ಮಕ್ಕಳ ರಕ್ಷಣಾ ನೀತಿಯದೂ ಅದೇ ಕಥೆ. ದಾನಿಗಳು ಕೇಳಿದರು ಅಂತ ಎಲ್ಲಿಂದಲೋ ಇಂಗ್ಲಿಷಿನಲ್ಲಿ ನಕಲು ಮಾಡಿ ಫೈಲಿಗೆ ಹಾಕಿದರೆ ಸಂಜೆ ಪಾಠ ಹೇಳುವ ಹುಡುಗನಿಗೆ ಅದರಲ್ಲಿ ಏನಿದೆ ಅಂತಲೇ ಗೊತ್ತಿರುವುದಿಲ್ಲ. ಒಕ್ಕೂಟ ಅದನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ, ಎಲ್ಲರನ್ನೂ ಕೂರಿಸಿಕೊಂಡು ಓದಿಸಬೇಕು.

ಎರಡನೆಯದು ದನಿ, ಅಂದರೆ ಸರ್ಕಾರದ ಮುಂದೆ ಎಲ್ಲರೂ ಸೇರಿ ಮಾತಾಡುವುದು. ಗುಳೆ ವಿಷಯವನ್ನೇ ತೆಗೆದುಕೊಳ್ಳಿ, ನೀವು ಅದರಲ್ಲೇ ಇದ್ದೀರಿ. ದಸರಾ, ದೀಪಾವಳಿ ಮುಗಿಯುತ್ತಿದ್ದ ಹಾಗೆ ನಿಮ್ಮ ತಾಲ್ಲೂಕಿನಿಂದ, ದೇವದುರ್ಗ, ಮಸ್ಕಿ ಕಡೆಯಿಂದ ಕುಟುಂಬಗಳು ಬೆಂಗಳೂರು, ಪುಣೆ ಅಂತ ಹೊರಡುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ, ಶಾಲೆ ಬಿಡುತ್ತಾರೆ. ಹೀಗೆ ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಋತುಮಾನದ ವಸತಿ ನಿಲಯ ನಡೆಸುವ ಅವಕಾಶ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದೆ. ನೀವು ಒಬ್ಬರೇ ಹೋಗಿ 'ನಮ್ಮ ಮೂರು ಊರಿನಲ್ಲಿ 40 ಮಕ್ಕಳಿದ್ದಾರೆ' ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರು ಮನವಿ ತೆಗೆದುಕೊಂಡು ನೋಡೋಣ ಅನ್ನುತ್ತಾರೆ. ಅವರ ಕೈಯಲ್ಲೂ ಅಷ್ಟು ಸಣ್ಣ ಸಂಖ್ಯೆಗೆ ಮಾಡುವಂಥದ್ದು ಕಡಿಮೆ.

ಅದೇ ಹನ್ನೆರಡು ಸಂಸ್ಥೆ ಸೇರಿ, ಒಂದೇ ನಮೂನೆಯಲ್ಲಿ, ಗಣೇಶ ಹಬ್ಬದೊಳಗೆ ಪಟ್ಟಿ ಮಾಡಿದರೆ? ಮಗುವಿನ ಹೆಸರು, ಯಾವ ಶಾಲೆ, ಎಷ್ಟನೇ ತರಗತಿ, ಕಳೆದ ವರ್ಷ ಯಾವ ತಿಂಗಳು ಹೋಗಿತ್ತು, ಯಾವಾಗ ವಾಪಸ್ ಬಂತು, ಊರಲ್ಲಿ ಅಜ್ಜಿ ಇದ್ದಾರಾ. ಆ ಪಟ್ಟಿಯನ್ನು ಜಿಲ್ಲಾ ಪಂಚಾಯ್ತಿ ಸಿಇಒ ಮುಂದೆ ಇಟ್ಟರೆ ಮಾತು ಬೇರೆಯೇ ಆಗುತ್ತದೆ. ಯಾವ ಊರಿನಲ್ಲಿ ನಿಲಯ ತೆರೆಯಬೇಕು ಅನ್ನುವುದು ಪಟ್ಟಿಯಲ್ಲೇ ಕಾಣುತ್ತದೆ. ಇಲ್ಲಿ ಒಕ್ಕೂಟದ ಕೆಲಸ ಪತ್ರ ಬರೆಯುವುದಷ್ಟೇ ಅಲ್ಲ. ಎಲ್ಲರೂ ಒಂದೇ ನಮೂನೆ ತುಂಬುವ ಹಾಗೆ ಮಾಡುವುದು, ಎರಡು ಸಂಸ್ಥೆಗಳ ಪಟ್ಟಿಯಲ್ಲಿ ಒಂದೇ ಮಗು ಬಂದಿದ್ದರೆ ತೆಗೆಯುವುದು, ಕುಟುಂಬ ಹೊರಡುವ ಮೊದಲೇ ಪಟ್ಟಿ ಮುಟ್ಟಿಸುವುದು. ಜನವರಿಯಲ್ಲಿ ಕೊಟ್ಟರೆ ಆ ವರ್ಷದ ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ.

ಒಕ್ಕೂಟದ ಹೆಸರಿನಲ್ಲಿ ಮಾತಾಡುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಸುರಕ್ಷತೆ. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ 1982ರಲ್ಲೇ ಬಂದಿದೆ. ಆದರೂ ಒಂದು ಊರಿನಲ್ಲಿ ಆ ವಿಷಯ ಎತ್ತಿದರೆ, ಹತ್ತಿ ಬೀಜದ ಪ್ಲಾಟಿನಲ್ಲಿ ಮಕ್ಕಳು ದುಡಿಯುತ್ತಿದ್ದಾರೆ ಅಂತ ದೂರು ಕೊಟ್ಟರೆ, ಆ ಊರಿನ ಕಾರ್ಯಕರ್ತೆ ನಾಳೆಯೂ ಅದೇ ಓಣಿಯಲ್ಲಿ ಓಡಾಡಬೇಕು. ಅವಳ ಅಪ್ಪ ಅದೇ ಗೌಡರ ಹೊಲಕ್ಕೆ ಹೋಗಬೇಕು. ಮೂವತ್ತು ಸಂಸ್ಥೆಗಳ ಸಹಿಯಿರುವ ಪತ್ರ ಹೋದರೆ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕು ಅಂತ ಹುಡುಕುವುದು ಅಷ್ಟು ಸುಲಭವಲ್ಲ.

ಆಪತ್ತಿನ ಕಾಲದ್ದು ನಿಮಗೆ ಗೊತ್ತಿರುವುದೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ಹರಿದವು. ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ನಿಮ್ಮ ತಾಲ್ಲೂಕಿನ ನಡುಗಡ್ಡೆಗಳ ದಾರಿ ಕಡಿಯುತ್ತದೆ. ಇಂಥ ಹೊತ್ತಿನಲ್ಲಿ ರಸ್ತೆ ಪಕ್ಕದ ಊರಿಗೆ ಮೂರು ಗಾಡಿ ಸಾಮಾನು ಬರುತ್ತದೆ, ಒಳಗಿನ ದೊಡ್ಡಿಗಳಿಗೆ, ಅಂದರೆ ಸಣ್ಣ ಜನವಸತಿಗಳಿಗೆ, ಏನೂ ಮುಟ್ಟುವುದಿಲ್ಲ. ಯಾವ ದೊಡ್ಡಿಯಲ್ಲಿ ಎಷ್ಟು ಮನೆ ಅಂತ ಗೊತ್ತಿರುವುದು ನಿಮ್ಮಂಥ ಸಂಸ್ಥೆಗಳಿಗೆ. ಅದನ್ನು ಒಂದು ಕಡೆ ಸೇರಿಸಿ ತಹಶೀಲ್ದಾರರಿಗೆ ಕೊಡುವುದು ಒಕ್ಕೂಟದ ಕೆಲಸ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ಸ್ವಯಂಸೇವಾ ಸಂಸ್ಥೆಗಳು ಭಾರತೀಯ ಆಹಾರ ನಿಗಮದಿಂದ ನೇರವಾಗಿ ಅಕ್ಕಿ, ಗೋಧಿ ಕೊಳ್ಳಬಹುದು ಅಂತ ಕೇಂದ್ರ ಸರ್ಕಾರ ಹೇಳಿತು. ಆದರೆ ಒಂದು ಸಲಕ್ಕೆ 1ರಿಂದ 10 ಟನ್. ಸಣ್ಣ ಸಂಸ್ಥೆ ಒಂದು ಟನ್ನಿಗೆ ದುಡ್ಡು, ಲಾರಿ, ಗೋದಾಮು ಎಲ್ಲಿಂದ ತರಬೇಕು? ಸೇರಿ ಕೊಂಡರೆ ಮಾತ್ರ ಆಗುವ ಕೆಲಸ ಅದು.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಕಮಿಟಿಯಲ್ಲಿ 'ಅನುದಾನ' ಅಂದವರ ಮನಸ್ಸಿನಲ್ಲಿ ಇದೇ ಇರಬೇಕು. ತೋರಣಗಲ್ಲಿನ ಉಕ್ಕು, ಗಿಣಿಗೇರಾ ಸುತ್ತಿನ ಕಾರ್ಖಾನೆಗಳು, ನಿಮ್ಮ ತಾಲ್ಲೂಕಿನಲ್ಲೇ ಇರುವ ಹಟ್ಟಿ ಚಿನ್ನದ ಗಣಿ, ಎಲ್ಲ ನಮ್ಮ ಕಣ್ಣೆದುರೇ ಇವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆ ದುಡ್ಡು ಪಡೆಯಲು 12ಎ, 80ಜಿ ಜೊತೆಗೆ 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿಯೂ ಬೇಕು, ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ಮೇಲೆ ಹೇಳಿದ ಕಾಗದಪತ್ರ ಸರಿಯಿಲ್ಲದಿದ್ದರೆ ಇಲ್ಲಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಒಕ್ಕೂಟ ಇಲ್ಲಿ ಎರಡು ಸಹಾಯ ಮಾಡಬಹುದು. ಯಾವ ಊರಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಅಂತ ಪಟ್ಟಿ ಮಾಡಿ ಕಂಪನಿಯವರನ್ನೂ ಸದಸ್ಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಬಹುದು. ಮತ್ತು ಸಣ್ಣ ಸಂಸ್ಥೆ ಒಂಟಿಯಾಗಿ ಹೇಳಲು ಹಿಂಜರಿಯುವ ಮಾತನ್ನು ಹೇಳಬಹುದು. ಉದಾಹರಣೆಗೆ, 'ಆಡಳಿತ ಖರ್ಚು ಶೇ. 5 ದಾಟಬಾರದು' ಅಂತ ಹೇಳಿ ನಿಮ್ಮ ಅಕೌಂಟೆಂಟ್ ಸಂಬಳ, ಬಾಡಿಗೆ ಎಲ್ಲ ಕತ್ತರಿಸುವವರು ಇದ್ದಾರೆ. ಆ ಶೇ. 5ರ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ ಇರುವಂಥದ್ದು, ಕೆಲಸ ಮಾಡುವ ಸಂಸ್ಥೆಗೆ ಅಲ್ಲ. ಇದನ್ನು ನೀವು ಹೇಳಿದರೆ ಎಲ್ಲಿ ಸಿಟ್ಟಾಗುತ್ತಾರೋ ಅನ್ನುವ ಭಯ ಇರುತ್ತದೆ, ಅಲ್ವಾ? ಒಕ್ಕೂಟ ಎಲ್ಲರ ಪರವಾಗಿ ಒಮ್ಮೆ ಬರೆದು ಕೊಟ್ಟರೆ ಮುಗಿಯಿತು. ಆದರೆ ಒಪ್ಪಂದ ಮಾತ್ರ ಕಂಪನಿಗೂ ನಿಮ್ಮ ಸಂಸ್ಥೆಗೂ ನೇರವಾಗಿ ಆಗಬೇಕು. ಒಕ್ಕೂಟ ತಾನೇ ಒಪ್ಪಂದ ಮಾಡಿಕೊಂಡು ನಿಮ್ಮಿಂದ ಕೆಲಸ ಮಾಡಿಸಿದರೆ ಅದು ಗುತ್ತಿಗೆದಾರ ಆಗಿಬಿಡುತ್ತದೆ, ನೀವು ಕೂಲಿ.

ಇಲ್ಲಿಗೆ ನಿಮ್ಮ ಕಮಿಟಿಯ ಎರಡನೇ ಭಯಕ್ಕೆ ಬಂದೆವು. ನುಂಗಿಬಿಡುತ್ತಾರೆ ಅನ್ನುವುದು ಸುಮ್ನೆ ಅನುಮಾನವಲ್ಲ, ಹಾಗೆ ಆಗುತ್ತದೆ. ಯಾಕೆ ಆಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ. ನಲವತ್ತು ಸದಸ್ಯರು, ತಲಾ 2,000. ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ ಒಬ್ಬ ಅಕೌಂಟೆಂಟ್‌ಗೆ ಇಡೀ ವರ್ಷ ಮರ್ಯಾದೆಯ ಸಂಬಳ ಕೊಡಲು ಆಗುವುದಿಲ್ಲ. ಬಾಡಿಗೆ, ಬಸ್ ಚಾರ್ಜು ಆಮೇಲಿನ ಮಾತು. ಹಾಗಾಗಿ ಒಕ್ಕೂಟ ನಡೆಯಬೇಕಾದರೆ ಬೇರೆ ದುಡ್ಡು ಬೇಕು. ಆಗ ಪದಾಧಿಕಾರಿಗಳು ಪ್ರಾಜೆಕ್ಟ್ ಹುಡುಕುತ್ತಾರೆ. ಹೊಲಿಗೆ ತರಬೇತಿಗೆ ಅರ್ಜಿ ಹಾಕುತ್ತಾರೆ, ಅದೇ ಅರ್ಜಿಯನ್ನು ನೀವೂ ಹಾಕಿರುತ್ತೀರಿ. ಒಕ್ಕೂಟದ ಲೆಟರ್‌ಹೆಡ್ ದೊಡ್ಡದು, ಅವರಿಗೆ ಸಿಗುತ್ತದೆ. ಯಾರೂ ಕೆಟ್ಟವರಾಗಬೇಕಿಲ್ಲ, ಹಸಿದ ಒಕ್ಕೂಟ ತಾನಾಗಿ ಈ ದಾರಿ ಹಿಡಿಯುತ್ತದೆ.

ಅದಕ್ಕೇ ನಾನು ಕಡಿಮೆ ಚಂದಾ ನೋಡಿ ಖುಷಿ ಪಡಬೇಡಿ ಅನ್ನುವುದು. ಸಂಸ್ಥೆಯ ವಾರ್ಷಿಕ ಬಜೆಟ್ ನೋಡಿ ಚಂದಾ ಇಟ್ಟರೆ ಒಳ್ಳೆಯದು. ನಿಮ್ಮಂಥವರು 2,000 ಕೊಡಲಿ, ಕೋಟಿ ದಾಟಿದವರು 25,000 ಕೊಡಲಿ. ಲೆಕ್ಕ ಬರೆದುಕೊಡುವುದಕ್ಕೆ, ಆಡಿಟ್‌ಗೆ ಸಿದ್ಧ ಮಾಡಿಕೊಡುವುದಕ್ಕೆ ಬೇರೆ ಶುಲ್ಕ ಇರಲಿ. ಉಳಿದದ್ದಕ್ಕೆ, ಸಂಸ್ಥೆಗಳನ್ನು ಗಟ್ಟಿ ಮಾಡುವ ಕೆಲಸಕ್ಕೇ ಅಂತ ದುಡ್ಡು ಕೊಡುವ ದಾನಿಗಳನ್ನು ಹುಡುಕಲಿ. ಅಂಥವರು ಕಡಿಮೆ, ಆದರೆ ಇದ್ದಾರೆ.

ಸೇರುವ ಮೊದಲು ಒಕ್ಕೂಟದ ಕಳೆದ ಮೂರು ವರ್ಷದ ಆಡಿಟ್ ವರದಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಕೊಟ್ಟರೆ, ಬಂದ ದುಡ್ಡಿನಲ್ಲಿ ಪ್ರಾಜೆಕ್ಟಿನದು ಎಷ್ಟು, ಆ ಪ್ರಾಜೆಕ್ಟ್ ಯಾವ ಸದಸ್ಯರು ಮಾಡುವ ಕೆಲಸ ಅಂತ ನೋಡಿ. ಬೈಲಾ ತರಿಸಿ ಓದಿ. ಒಂದು ಸಂಸ್ಥೆಗೆ ಒಂದೇ ಮತ ಇದೆಯಾ, ಅಧ್ಯಕ್ಷರು ಎಷ್ಟು ಸಲ ಆಗಬಹುದು, ಪ್ರತಿ ತಾಲ್ಲೂಕಿನಿಂದ ಒಬ್ಬರು ಸಮಿತಿಯಲ್ಲಿ ಇದ್ದಾರಾ, ದಲಿತರು ಮತ್ತು ಮಹಿಳೆಯರು ನಡೆಸುವ ಸಂಸ್ಥೆಗಳಿಗೆ ಜಾಗ ಇದೆಯಾ. ನಿಮ್ಮ ಫೋಟೊ, ನಿಮ್ಮ ಅಂಕಿಅಂಶ ಒಕ್ಕೂಟದ ವರದಿಯಲ್ಲಿ ಹೋದರೆ ನಿಮ್ಮ ಹೆಸರು ಹೋಗುತ್ತದಾ ಅಂತ ಬರಹದಲ್ಲಿ ಕೇಳಿ. ಸಭೆಗಳು ಎಲ್ಲಿ ನಡೆಯುತ್ತವೆ ಅಂತಲೂ ವಿಚಾರಿಸಿ. ಯಾವಾಗಲೂ ರಾಯಚೂರಿನಲ್ಲೇ ಅಂದರೆ ಮುದಗಲ್ಲಿನವರಿಗೆ ಹೋಗಿಬರಲು ಒಂದು ದಿನ, ಆ ದಿನದ ಸಂಜೆ ಪಾಠ ಬಂದ್. ಮತ್ತೆ, ಅಧ್ಯಕ್ಷರನ್ನು ಕೇಳಿ ತೀರ್ಮಾನ ಮಾಡಬೇಡಿ. ಈಗಾಗಲೇ ಸದಸ್ಯರಾಗಿರುವ, ನಿಮ್ಮಷ್ಟೇ ಸಣ್ಣದಾದ ಎರಡು ಸಂಸ್ಥೆಗಳಿಗೆ ಫೋನ್ ಮಾಡಿ. 'ಕಳೆದ ವರ್ಷ ಒಕ್ಕೂಟದಿಂದ ನಿಮ್ಮ ಯಾವ ಕೆಲಸ ಆಯಿತು?' ಇಷ್ಟು ಕೇಳಿದರೆ ಸಾಕು.

ರಾಜ್ಯ ಮಟ್ಟದಲ್ಲಿ, ದೇಶದ ಮಟ್ಟದಲ್ಲೂ ಒಕ್ಕೂಟಗಳಿವೆ. ಕರ್ನಾಟಕದಲ್ಲಿ ಫೆವಾರ್ಡ್-ಕೆ, ದೆಹಲಿಯಲ್ಲಿ 1988ರಿಂದ ವಾಣಿ. ಕಾಯ್ದೆ ಬದಲಾದಾಗ ಕೇಂದ್ರದ ಸಚಿವಾಲಯಗಳ ಜೊತೆ ಮಾತಾಡಲು ಅವು ಬೇಕು. ಆದರೆ ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ಅತಿ ಹಿಂದುಳಿದದ್ದು ಅಂತ ಗುರುತಿಸಿದ 39 ತಾಲ್ಲೂಕುಗಳಲ್ಲಿ ನಿಮ್ಮದೂ ಒಂದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲಬುರಗಿಯ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಈ ಭಾಗಕ್ಕೆ ದೊಡ್ಡ ಮೊತ್ತ ಬರುತ್ತಿದೆ. ಅದರಲ್ಲಿ ನಿಮ್ಮ ಊರಿನ ಶಾಲೆಗೆ, ಅಂಗನವಾಡಿಗೆ ಏನು ಬೇಕು ಅಂತ ಹೇಳಲು ಬೆಂಗಳೂರಿನವರು ಬರುವುದಿಲ್ಲ. ಅದು ಜಿಲ್ಲೆಯವರೇ ಮಾಡಬೇಕಾದ ಕೆಲಸ.

ಕೊನೆಯದಾಗಿ, ನೀವೇ ಕಟ್ಟಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಟ್ಟಬಹುದು. ಆದರೆ ನೋಂದಣಿಗೆ ಅವಸರ ಬೇಡ. ಕಾನೂನಿಗೆ ಏಳು ಜನ ಸಾಕು, ನೋಂದಣಿ ಆದ ಮರುದಿನದಿಂದಲೇ ಮೇಲೆ ಹೇಳಿದ ಎಲ್ಲ ಗಡುವುಗಳು ಒಕ್ಕೂಟದ ತಲೆಗೂ ಬರುತ್ತವೆ. ಒಂದು ವರ್ಷ ಸುಮ್ನೆ ಬಳಗದ ಹಾಗೆ ನಡೆಸಿ. ಒಂದೇ ಕೆಲಸ ಹಿಡಿಯಿರಿ. ಎಂಟೂ ಸಂಸ್ಥೆಗಳ ವಾರ್ಷಿಕ ಲೆಕ್ಕ, ಸರ್ವಸದಸ್ಯರ ಸಭೆ, ಸಮಿತಿ ಪಟ್ಟಿ ಸಮಯಕ್ಕೆ ಸಲ್ಲಿಕೆ ಆಗುವ ಹಾಗೆ ನೋಡಿಕೊಳ್ಳುವುದು. ಸಭೆ ಒಂದು ತಿಂಗಳು ಲಿಂಗಸುಗೂರು, ಇನ್ನೊಂದು ತಿಂಗಳು ಮಸ್ಕಿ, ಆಮೇಲೆ ಸಿಂಧನೂರು. ಮೊದಲ ಸಭೆಗೆ ಎಲ್ಲರೂ ತಮ್ಮ ಕಳೆದ ವರ್ಷದ ಆಡಿಟ್ ವರದಿ ತರಲಿ, ಪಕ್ಕದವರದನ್ನು ಓದಲಿ. ವರದಿಯೇ ಇಲ್ಲ ಅಂತ ಯಾರಾದರೂ ಬರಲು ಹಿಂಜರಿದರೆ ಅವರನ್ನು ಬಿಡಬೇಡಿ, ಮೊದಲ ಸಹಾಯ ಬೇಕಾಗಿರುವುದು ಅವರಿಗೇ. ವರ್ಷ ಕಳೆದು, ಕೆಲಸ ನಡೆದಿದೆ ಅನ್ನಿಸಿದರೆ ಬೈಲಾ ಬರೆಯಿರಿ. ಅದರಲ್ಲಿ ಸದಸ್ಯರು ಮಾಡುತ್ತಿರುವ ಕೆಲಸಕ್ಕೆ ಒಕ್ಕೂಟ ತನ್ನ ಹೆಸರಿನಲ್ಲಿ ಅನುದಾನ ಕೇಳುವಂತಿಲ್ಲ ಅನ್ನುವ ನಿಯಮ ಇರಲಿ.

ಜಿಲ್ಲಾ ಒಕ್ಕೂಟಕ್ಕೆ ಸೇರುವುದಕ್ಕೂ ನಿಮ್ಮ ಬಳಗಕ್ಕೂ ವಿರೋಧ ಇಲ್ಲ, ಎರಡನ್ನೂ ಇಟ್ಟುಕೊಳ್ಳಬಹುದು. ಸೇರುವುದಾದರೆ ಚಂದಾ ಕಟ್ಟುವ ಮೊದಲು ನಿಮ್ಮ ಕಮಿಟಿಯಲ್ಲಿ ಠರಾವು ಮಾಡಿ. ನಿಮ್ಮ ಪ್ರತಿನಿಧಿ ಯಾರು, ಎಷ್ಟು ವರ್ಷಕ್ಕೆ, ಒಕ್ಕೂಟದ ಸಭೆ ಮುಗಿದ ಮೇಲೆ ಎಷ್ಟು ದಿನದೊಳಗೆ ಬಂದು ವರದಿ ಹೇಳಬೇಕು, ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಪ್ರತಿನಿಧಿಯಾಗಿ ಅಧ್ಯಕ್ಷರೇ ಹೋಗಬೇಕು ಅಂತಿಲ್ಲ. ಲೆಕ್ಕ ಬರೆಯುವವರನ್ನೇ ಕಳಿಸಿದರೆ ಮೊದಲ ವರ್ಷ ನಿಮಗೆ ಹೆಚ್ಚು ಉಪಯೋಗ ಆಗುತ್ತದೆ.